ಉಪವಾಸದ ಡಬ್ಬಿ

ನಾನು ದಪ್ಪ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಮ್ಮ ಓಣಿಯಲ್ಲಿ ನನ್ನ ಹೆಸರಿಗಿಂತ ಮುಂಚೆ ಬರುವುದು ಅದೇ ಮಾತು. ಗಜೇಂದ್ರಗಡದ ನೇಕಾರರ ಓಣಿಗೆ ಬಂದು ಸುನಂದಾ ಎಲ್ಲಿರುತ್ತಾಳೆ ಎಂದು ಕೇಳಿದರೆ, ಆಡುವ ಹುಡುಗರು ಸಹ 'ದಪ್ಪ ಸುನಂದಕ್ಕನ ಮನೀನ್ರಿ?' ಎಂದು ಖಾತ್ರಿ ಮಾಡಿಕೊಂಡೇ ದಾರಿ ತೋರಿಸುತ್ತಾರೆ. ತವರೂರು ನರೇಗಲ್ಲಿನಲ್ಲಿ ಶಾಲೆಗೆ ಹೋಗುವಾಗಲೂ ಹೀಗೇ ಇದ್ದೆ. ಮದುವೆಯಾಗಿ ಬಂದ ಮೇಲೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಹಗಲೆಲ್ಲ ಕೂತು ಸೀರೆ ನೇಯುವ ಕೆಲಸ ಅಂಟಿಕೊಂಡಿತು, ಮೈ ಇನ್ನಷ್ಟು ತುಂಬಿತು. 'ಸುನಂದಕ್ಕ ಕುಂತ್ರ ಮಗ್ಗಾನ ಸಣ್ಣದು ಕಾಣತೈತಿ' ಎಂದು ನಗುವವರ ಜೊತೆ ನಾನೂ ನಗುತ್ತಿದ್ದೆ. ನಾನೇ ಮೊದಲು ನಕ್ಕುಬಿಟ್ಟರೆ ಅವರ ನಗು ಅರ್ಧಕ್ಕೇ ನಿಲ್ಲುತ್ತದೆ. ಅದು ಚಿಕ್ಕಂದಿನಿಂದ ನಾನು ಕಲಿತ ಉಪಾಯ.

ಮೊನ್ನೆ ನಮ್ಮ ಓಣಿಯ ಹೊಸ ಸೊಸೆಯೊಬ್ಬಳು ನನ್ನ ಹತ್ತಿರ ಬಂದಳು. ನನ್ನ ಹಾಗೆಯೇ ಮೈ ತುಂಬಿದವಳು, ಈಗ ಬಸುರಿ. 'ಅಕ್ಕಾ, ದವಾಖಾನಿಗೆ ಹೋಗಾಕ ನಾಚಿಕಿ ಬರತೈತಿ' ಎಂದು ಸೆರಗಿನ ತುದಿ ಹಿಡಿದುಕೊಂಡು ಕೂತಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸಕ್ಕರೆ ಅಂದರೇನು, ರಕ್ತ ಅಂದರೇನು ಎಂಬುದನ್ನು ಡಾಕ್ಟರು ಹೇಳುತ್ತಾರೆ. ನಾಚಿಕೆಯ ವಿಷಯ ಅವರು ಹೇಳುವುದಿಲ್ಲ, ಅದಕ್ಕೆ ನನ್ನಂಥವಳೇ ಬೇಕು.

ನನಗೆ ಮೊದಲೊಂದು ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಏಳನೇ ತಿಂಗಳು ನಡೆಯುತ್ತಿತ್ತು. ಯಾಕೆ ಹೋಯಿತೆಂದು ಯಾರೂ ಖಚಿತವಾಗಿ ಹೇಳಲಿಲ್ಲ. ಆದರೆ ನೋಡಲು ಬಂದವರಿಗೆಲ್ಲ ಕಾರಣ ಗೊತ್ತಿತ್ತು. ಗೋಡೆಗೆ ಮುಖ ಮಾಡಿ ಮಲಗಿದ್ದ ನನ್ನ ಬೆನ್ನ ಹಿಂದೆಯೇ, 'ಅಷ್ಟ ಮೈ ಇದ್ರ ಕೂಸಿಗೆ ಜಾಗಾ ಎಲ್ಲೈತಿ ತಂಗಿ' ಎಂದು ಪಿಸುಗುಟ್ಟಿದರು. ಆ ಮಾತು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದುಬಿಟ್ಟಿತು. ಅಂದು ಒಂದೂ ಮಾತಾಡದೆ ಇದ್ದವರು ನಮ್ಮ ಅತ್ತೆ ಒಬ್ಬರೇ. ಅವರದು ಮೊದಲೇ ಮಾತು ಕಡಿಮೆ, ಹಿತ್ತಲ ಬಾಗಿಲಲ್ಲಿ ಕೂತು ರಾಟೆಯಲ್ಲಿ ಕಂಡಿಕೆಗೆ ನೂಲು ಸುತ್ತುವಾಗ ಮಾತಾಡಿಸಿದರೆ ತಲೆ ಎತ್ತುವವರೂ ಅಲ್ಲ. ಬಂದವರೆಲ್ಲ ಎದ್ದು ಹೋದ ಮೇಲೆ ಕಾಲಕಾಲೇಶ್ವರನ ಗುಡ್ಡದ ಕಡೆ ಕೈ ಮುಗಿದು ಅವರು ಇಷ್ಟೇ ಅಂದರು: 'ಮತ್ತ ಹೊಟ್ಟಿ ನಿಂತ್ರ, ಹಡಿಯೂ ತನಕ ಅತ್ತಿ ಸೊಸಿ ಇಬ್ರೂ ಸೋಮಾರ ಹಿಡಿತೀವಪ್ಪಾ.'

ಎರಡನೇ ಸಲ ಬಸುರಿಯಾದಾಗ ಆ ಹರಕೆಯಂತೆ ಪ್ರತಿ ಸೋಮವಾರ ಇಬ್ಬರೂ ಉಪವಾಸ ಹಿಡಿದೆವು. ಸಂಜೆ ಪೂಜೆಯಾಗುವ ತನಕ ಒಲೆಯ ಮೇಲೆ ರೊಟ್ಟಿಯ ಹಂಚು ಏರುತ್ತಿರಲಿಲ್ಲ. ನಮ್ಮ ಮನೆಯವರಿಗೂ ಅಂದು ಹಿಂದಿನ ದಿನದ ಒಣಗಿದ ಕಟಿ ರೊಟ್ಟಿಯೇ ಗತಿ.

ಈ ಸಲ ತೋರಿಸಿಕೊಳ್ಳಲು ರೋಣದ ಒಂದು ಹೆರಿಗೆ ದವಾಖಾನೆಗೆ ಹೋದೆವು. ಅಲ್ಲಿ ತೂಕದ ಯಂತ್ರ ಇದ್ದದ್ದು ಎಲ್ಲರೂ ಕೂರುವ ಪಡಸಾಲೆಯ ನಟ್ಟನಡುವೆ. ಹತ್ತಿ ನಿಂತರೆ ನರ್ಸಮ್ಮ ಅಂಕಿಯನ್ನು ಕೂಗಿ ಹೇಳುತ್ತಿದ್ದಳು, ಒಳಗಿದ್ದವಳು ಬರೆದುಕೊಳ್ಳುತ್ತಿದ್ದಳು. ನನ್ನ ಅಂಕಿ ಕೂಗಿದಾಗ ಬೆಂಚಿನ ಮೇಲಿದ್ದವರೆಲ್ಲ ಕತ್ತು ಹೊರಳಿಸಿದರು. ಯಾರೋ ಮುದುಕಿ 'ಎರಡ ಕೂಸೇನ?' ಎಂದು ಕೇಳಿದಳು. ನನ್ನ ಹಳೆಯ ಉಪಾಯ ಬಳಸಿ ನಗಬೇಕೆಂದುಕೊಂಡೆ, ಬಾಯಿ ಕೇಳಲಿಲ್ಲ. ಚಪ್ಪಲಿ ಹುಡುಕುವ ನೆಪದಲ್ಲಿ ಬಗ್ಗಿ ಕಣ್ಣು ಒರೆಸಿಕೊಂಡೆ.

ರಕ್ತ ತೆಗೆದು ನೋಡಿದರು, ಸಕ್ಕರೆಯೂ ಏರಿತ್ತು. ಡಾಕ್ಟರಮ್ಮ ಕೆಟ್ಟವರಲ್ಲ, ಆದರೆ ಅವರಿಗೆ ಪುರುಸೊತ್ತಿಲ್ಲ. 'ನಿಮ್ಮ ತೂಕಕ್ಕ ಇದು ಆಗೂದ. ಊಟದ ಮೇಡಮ್ಮರ ಕಡೆ ಹೋಗ್ರಿ' ಎಂದು ಪಕ್ಕದ ಕೋಣೆ ತೋರಿಸಿದರು. ಅಲ್ಲಿಗೆ ಪ್ರತಿ ಮಂಗಳವಾರ ನರಗುಂದದಿಂದ ಒಬ್ಬರು ಬಂದು ಬಸುರಿಯರಿಗೆ ಊಟದ ಸಲಹೆ ಕೊಡುತ್ತಿದ್ದರು. ಒಳಗೆ ಹೋಗಿ ನೋಡುತ್ತೇನೆ, ಕಡ್ಡಿಯಂಥ ಹುಡುಗಿ! ಗಾಳಿ ಜೋರಾಗಿ ಬಂದರೆ ಇವಳನ್ನು ಯಾರಾದರೂ ಹಿಡಿದುಕೊಳ್ಳಬೇಕು, ಇವಳು ನನಗೆ ಊಟ ಕಲಿಸುತ್ತಾಳೆಯೇ ಎಂದು ಸಿಟ್ಟು ಬಂತು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನಾನು ಎರಡನ್ನೂ ಬಲ್ಲವಳಲ್ಲ. 'ಏನೇನ ಬಿಡಬೇಕು ಲಗೂ ಹೇಳ್ರಿ, ನನಗ ಬಸ್ಸ ಐತಿ' ಎಂದು ನಿಂತುಕೊಂಡೇ ಅಂದೆ.

ಆಕೆ ನನ್ನನ್ನು ಕೂರಿಸಿದರು. ಬಾಗಿಲು ಮುಂದೆ ಮಾಡಿದರು. 'ಬಿಡೂದು ಆಮ್ಯಾಲ ನೋಡೂಣ್ರಿ. ಮೊದಲ ನೀರ ಕುಡೀರಿ. ಹೊರಗ ಅತ್ತಿದ್ದು ನೋಡೇನಿ' ಎಂದರು.

ಆಮೇಲೆ ಅವರು ಹೇಳಿದ ಒಂದು ಮಾತು ನಾನು ಯಾವತ್ತೂ ಮರೆಯುವುದಿಲ್ಲ. 'ಈಗ ತೂಕಾ ಇಳಸೂದ ಬ್ಯಾಡ. ಏರೂದು ಸಾವಕಾಶ ಏರಲಿ, ಕೂಸಿಗೆ ಬೇಕಾದಷ್ಟು. ನೀವು ಹಸಗೊಂಡ ಇರೂದು ನನಗ ಬೇಕಾಗಿಲ್ಲ.' ನನ್ನ ಇಡೀ ಆಯುಷ್ಯದಲ್ಲಿ ನನ್ನ ಮೈಯನ್ನು ಶತ್ರುವಿನಂತೆ ನೋಡದೆ ಮಾತಾಡಿದ ಮೊದಲ ವ್ಯಕ್ತಿ ಆ ಕಡ್ಡಿ ಹುಡುಗಿ. ನಮ್ಮ ಮನೆಯಲ್ಲಿ ದಿನಾ ಇರುವುದನ್ನೇ ಅವರು ಹೇಳಿದರು. ಬಿಸಿ ರೊಟ್ಟಿ, ಹೆಸರುಕಾಳು ಪಲ್ಯ, ಮೆಂತ್ಯದ ಸೊಪ್ಪು, ಮೊಸರು. ಅನ್ನ ಕಡಿಮೆ. ಚಹಾದಲ್ಲಿ ಸಕ್ಕರೆ ಬೇಡ. ಒಮ್ಮೆಲೇ ಹೊಟ್ಟೆ ತುಂಬಾ ಉಣ್ಣದೆ ನಡುನಡುವೆ ಸ್ವಲ್ಪ ಸ್ವಲ್ಪ. ಉಂಡ ಮೇಲೆ ಮಗ್ಗಕ್ಕೆ ಇಳಿಯುವ ಮುಂಚೆ ಓಣಿಯಲ್ಲಿ ಒಂದು ಸುತ್ತು ನಡೆಯುವುದು. ಮುಂದಿನ ವಾರದಿಂದ ತೂಕದ ಯಂತ್ರ ಅವರ ಕೋಣೆಯ ಬಾಗಿಲ ಹಿಂದೆ ಬಂದು ಕೂತಿತು. ನಾನು ಹತ್ತಿ ನಿಂತರೆ ಅವರು ನೋಡಿ ಸುಮ್ಮನೆ ಬರೆದುಕೊಳ್ಳುತ್ತಿದ್ದರು, ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ಅವರು ಹೇಳಿದ್ದನ್ನೆಲ್ಲ ನಿಷ್ಠೆಯಿಂದ ಮಾಡಿದೆ. ನನಗೆ ಹಾಕುವ ಅನ್ನದ ಹುಟ್ಟನ್ನು ಅತ್ತೆ ಅರ್ಧಕ್ಕೇ ತಡೆಯುತ್ತಿದ್ದರು. ಬಸುರಿ ನಡೆಯುವುದನ್ನು ನೋಡಿ ಓಣಿಯವರು ಚೇಷ್ಟೆ ಮಾಡಿದರೂ ಬಿಡದೆ ನಡೆದೆ. ಆದರೂ ಮಂಗಳವಾರ ಹೋಗಿ ರಕ್ತ ಕೊಟ್ಟರೆ ಸಕ್ಕರೆ ಏರಿಯೇ ಇರುತ್ತಿತ್ತು. ಮೇಡಂ ತಲೆ ಕೆರೆದುಕೊಳ್ಳುತ್ತಿದ್ದರು. 'ಎಲ್ಲಾ ಚಲೋ ಮಾಡಾಕತ್ತೀರಿ. ಮತ್ತ ಯಾಕ ಹಿಂಗ? ಉಪಾಸ ಗಿಪಾಸ ಏನರ ಮಾಡ್ತೀರೇನು?'

'ಸೋಮಾರ ಒಂದ ಹಿಡಿತೀವ್ರಿ. ಅವತ್ತ ಏನೂ ತಿನ್ನಂಗಿಲ್ಲ' ಎಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ, ನನ್ನ ಪ್ರಕಾರ ಅದು ಖರೇನೇ ಆಗಿತ್ತು.

'ಬಸುರಿದ್ದಾಗ ಖಾಲಿ ಹೊಟ್ಟೀಲೆ ಇರಬಾರದ್ರಿ' ಎಂದು ಅವರು ಕಳವಳಪಟ್ಟರು. ನಾನು ಮನೆಗೆ ಬಂದು ಅತ್ತೆಗೆ ಅದನ್ನೇ ಒಪ್ಪಿಸಿದೆ. ಅತ್ತೆ ವಿಚಾರ ಮಾಡಿ, 'ಹೌದು, ಖಾಲಿ ಹೊಟ್ಟಿ ಇರಬಾರದು. ಫಳಾರ ಇನ್ನೊಂದೀಟು ಹೆಚ್ಚು ಮಾಡೂಣು' ಎಂದರು. ಉಪವಾಸದ ದಿನ ತಿನ್ನಬಹುದಾದ ತಿನಿಸಿಗೆ ನಮ್ಮಲ್ಲಿ ಫಳಾರ ಅನ್ನುತ್ತೇವೆ. ಮುಂದಿನ ಸೋಮವಾರದಿಂದ ಫಳಾರ ಹೆಚ್ಚಾಯಿತು, ಮಂಗಳವಾರದ ಸಕ್ಕರೆ ಇನ್ನೂ ಹೆಚ್ಚಾಯಿತು.

ಡಾಕ್ಟರಮ್ಮ ಈ ಸಲ ಕನ್ನಡಕ ತೆಗೆದು ಮಾತಾಡಿದರು. ಇನ್ನೊಂದು ವಾರ ನೋಡುತ್ತೇವೆ, ಇಳಿಯದಿದ್ದರೆ ಇನ್ಸುಲಿನ್ ಸೂಜಿ ಶುರು ಮಾಡಿ ಗದಗಿನ ದೊಡ್ಡ ದವಾಖಾನೆಗೆ ಕಳಿಸುತ್ತೇವೆ, ಹೊಟ್ಟೆಯಲ್ಲಿ ಕೂಸಿಗೆ ತ್ರಾಸಾಗುವುದು ಬೇಡ ಎಂದರು. ಕೂಸಿಗೆ ತ್ರಾಸು ಎಂಬ ಮಾತೊಂದೇ ನನಗೆ ಕೇಳಿಸಿದ್ದು. ಹೊರಗೆ ಬೆಂಚಿನ ಮೇಲೆ ಬಂದು ಕೂತೆ. ಯಾವಗಲ್ ಊರಿನಿಂದ ಬಂದಿದ್ದ ಒಬ್ಬ ಬಸುರಿ ಪಕ್ಕದಲ್ಲಿದ್ದಳು, ಸೂಜಿಯ ಮಾತು ಅವಳಿಗೆ ಹೇಳಿಕೊಂಡೆ. ನನಗಿಂತ ಸಣ್ಣವಳು, ತೆಳ್ಳಗಿನ ಮೈ. ಅವಳೂ ದಿನಾ ಸೂಜಿ ಚುಚ್ಚಿಕೊಳ್ಳುತ್ತಿದ್ದಳಂತೆ. 'ಅಂಜಬ್ಯಾಡ್ರಿ ಅಕ್ಕಾರ, ಇರಿವಿ ಕಚ್ಚಿದಂಗ ಅಷ್ಟ' ಎಂದು ತನ್ನ ಸೀರೆ ಸರಿಸಿ ಸೂಜಿಯ ಗುರುತು ತೋರಿಸಿದಳು. ತೆಳ್ಳಗಿದ್ದವರಿಗೂ ಇದು ಬರುತ್ತದೆಂದು ನನಗೆ ಅಂದೇ ಗೊತ್ತಾದದ್ದು. ಅವಳ ಕಷ್ಟಕ್ಕೆ ಸಮಾಧಾನಪಟ್ಟುಕೊಂಡೆನಲ್ಲಾ ಎಂದು ಬೇಸರವೂ ಆಯಿತು. ಏನೇ ಆಗಲಿ, ಅವಳ ಕೈಯನ್ನು ಬಸ್ಸಿನ ಹೊತ್ತಾಗುವ ತನಕ ಹಿಡಿದುಕೊಂಡಿದ್ದೆ.

ಮುಂದಿನ ಮಂಗಳವಾರ ಏನೋ ರಜೆ ಇತ್ತು. ಒಂದು ದಿನ ಮೊದಲೇ, ಅಂದರೆ ಸೋಮವಾರ ಬನ್ನಿ ಎಂದರು. ನಮ್ಮ ಮನೆಯವರು ನೂಲು ತರಲು ಹೋಗಿದ್ದರಿಂದ ಅತ್ತೆ ನನ್ನ ಜೊತೆ ಹೊರಟರು. ಎಂದೂ ದವಾಖಾನೆಗೆ ಬಾರದಿದ್ದವರು ಅಂದು ಇಳಕಲ್ ಸೀರೆ ಉಟ್ಟು, ಕೈಯಲ್ಲಿ ದೊಡ್ಡ ಸ್ಟೀಲಿನ ಡಬ್ಬಿ ಹಿಡಿದುಕೊಂಡು ಬಸ್ಸು ಹತ್ತಿದರು.

ರಕ್ತ ಕೊಟ್ಟು ಮೇಡಂ ಕರೆಯುವುದನ್ನು ಕಾಯುತ್ತಿದ್ದೆವು. ಹೊತ್ತು ಏರಿತು. ಅತ್ತೆ ಬೆಂಚಿನ ಮೇಲೆಯೇ ಡಬ್ಬಿಯ ಮುಚ್ಚಳ ತೆಗೆದರು. ತುಪ್ಪದಲ್ಲಿ ಹುರಿದ ಸಾಬೂದಾನಿ ಕಿಚಡಿ, ಅದರಲ್ಲಿ ಬಟಾಟಿ ಹೋಳು, ಬೆಲ್ಲದ ಶೇಂಗಾ ಉಂಡೆ, ಖರ್ಜೂರ, ಬಾಳೆಹಣ್ಣು. ಪಕ್ಕದಲ್ಲಿ ಬಾಟಲಿಯ ತುಂಬಾ ಬೆಲ್ಲ ಹಾಕಿದ ಹಾಲು. ನಾನು ಎರಡನೇ ಉಂಡೆಗೆ ಕೈ ಹಾಕಿದ್ದೆ, ಅಷ್ಟರಲ್ಲಿ ಮೇಡಂ ಬಾಗಿಲು ತೆರೆದು ಹೊರಗೆ ಬಂದರು. ಡಬ್ಬಿ ನೋಡಿ ಅಲ್ಲಿಯೇ ನಿಂತರು.

'ಸುನಂದಾ ಅವರ, ಇದು ಯಾರ ಊಟ?'

'ಊಟ ಅಲ್ರೀ ಯವ್ವಾ' ಎಂದು ಅತ್ತೆಯೇ ಉತ್ತರ ಕೊಟ್ಟರು. 'ಇವತ್ತ ಉಪಾಸ. ಆಕಿ ಮುಂಜಾನಿಂದ ಏನೂ ತಿಂದಿಲ್ಲ.'

ಮೇಡಂ ಬೆಂಚಿನ ಮೇಲೆ ಕೂತೇಬಿಟ್ಟರು. ಮೊದಲು ಕೈಯಿಂದ ಬಾಯಿ ಮುಚ್ಚಿಕೊಂಡರು, ಆಮೇಲೆ ತಡೆಯಲಾಗದೆ ನಕ್ಕರು. 'ಅಯ್ಯೋ ದೇವರ, ನಮ್ಮ ಮನಿಯಾಗೂ ನಮ್ಮವ್ವ ಇದನ್ನ ಮಾಡತಾಳ. ನನಗ ಹೊಳೀಲೇ ಇಲ್ಲ ನೋಡ್ರಿ!' ಎಂದರು. ನನಗೂ ನಗು ಬಂತು. ವಾರವೆಲ್ಲ ಅನ್ನದ ಅಗುಳು ಲೆಕ್ಕ ಹಾಕಿ, ಸೋಮವಾರ ಒಂದೇ ದಿನಕ್ಕೆ ಅಷ್ಟನ್ನೂ ವಸೂಲಿ ಮಾಡಿಕೊಂಡಿದ್ದೆ, ಅದೂ ದೇವರ ಹೆಸರಿನಲ್ಲಿ! ನಮಗೆ ರೊಟ್ಟಿ ಅನ್ನ ತಿಂದರಷ್ಟೇ ತಿಂದ ಹಾಗೆ. ಉಪವಾಸದಲ್ಲಿ ಹೊಟ್ಟೆಗೆ ಹೋದದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಅತ್ತೆ ಮಾತ್ರ ನಗಲಿಲ್ಲ. 'ಇದರಿಂದ ಸಕ್ಕರಿ ಏರತೈತೇನು?' ಎಂದು ಕೇಳಿದರು. ಮೇಡಂ ನಗು ನಿಲ್ಲಿಸಿ ಮೆಲ್ಲಗೆ ಹೌದೆಂದರು. ಸಾಬೂದಾನಿ, ಬೆಲ್ಲ, ಖರ್ಜೂರ, ಎಲ್ಲವೂ ಎಂದು ತಿಳಿಸಿ ಹೇಳಿದರು. ಅತ್ತೆ ಡಬ್ಬಿಯ ಮುಚ್ಚಳ ಹಾಕಿದರು. ಅದು ಸರಿಯಾಗಿ ಕೂರಲಿಲ್ಲ, ಮತ್ತೆ ತೆಗೆದು ಹಾಕಿದರು. 'ಹಂಗಾರ ಕೂಸು ಉಳೀಲಿ ಅಂತ ನಾ ನನ್ನ ಕೈಯಾರ...' ಎಂದು ಸೆರಗಿನಿಂದ ಕಣ್ಣು ಒತ್ತಿಕೊಂಡರು. ನಾನು ಅವರ ಸೊಸೆಯಾಗಿ ಬಂದ ಮೇಲೆ ಅವರ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು. ನನ್ನ ಮೊದಲ ಕೂಸು ಹೋದಾಗಲೂ ಅತ್ತವರಲ್ಲ.

ಮೇಡಂ ಅತ್ತೆಯ ಮೊಣಕಾಲ ಮೇಲೆ ಕೈ ಇಟ್ಟರು. 'ಅಮ್ಮಾ, ಹೊತ್ತ ಮೀರಿಲ್ಲ. ನಿಮ್ಮ ತಪ್ಪೂ ಅಲ್ಲ, ಕೇಳೂದು ನನ್ನ ಕೆಲಸ ಇತ್ತು. ಸೋಮಾರನೂ ಆಕಿ ದಿನಾ ಉಂಡಂಗ ಉಣ್ಣಲಿ, ಅಷ್ಟ. ಸೂಜಿ ಇನ್ನೊಂದು ವಾರ ತಡೀರಿ ಅಂತ ಡಾಕ್ಟರಿಗೆ ನಾ ಹೇಳತೀನಿ.' ದೇವರ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಅದಕ್ಕೆ ನಾನು ಅವರಿಗೆ ಇಂದಿಗೂ ಋಣಿ.

ಬಸ್ಸಿನಲ್ಲಿ ಗಜೇಂದ್ರಗಡದ ತನಕ ಅತ್ತೆ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯಾಚೆಯ ಎರೆಹೊಲ ನೋಡುತ್ತ ಕೂತಿದ್ದರು. ಅವರ ಸಂಕಟ ನನಗೆ ಅರ್ಥವಾಗುತ್ತಿತ್ತು. ಸೋಮವಾರ ಹಿಡಿದರೆ ಸಕ್ಕರೆ ಕೂಸನ್ನು ಕಾಡುತ್ತದೆ, ಬಿಟ್ಟರೆ ಹರಕೆ ಮುರಿದ ದೋಷ ಕೂಸಿಗೆ ತಟ್ಟುತ್ತದೆ. ಅತ್ತ ದರಿ ಇತ್ತ ಪುಲಿ. ನನಗೂ ಒಳಗೊಳಗೆ ಅದೇ ಅಂಜಿಕೆ. ಓದಿದವರು ನಗಬಹುದು. ಒಂದು ಕೂಸನ್ನು ಮಣ್ಣಿಗೆ ಕೊಟ್ಟವರು ನಗುವುದಿಲ್ಲ.

ಆ ವಾರ ಪೂರ್ತಿ ಆ ವಿಷಯವನ್ನು ಇಬ್ಬರೂ ಎತ್ತಲಿಲ್ಲ. ಮುಂದಿನ ಸೋಮವಾರ ಬೆಳಿಗ್ಗೆ ಮಗ್ಗದ ಕುಣಿಗೆ ಇಳಿದು ಲಾಳಿ ಕೈಗೆತ್ತಿಕೊಂಡಿದ್ದೆ. ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತು. ಸೋಮವಾರ, ನಮ್ಮ ಮನೆಯಲ್ಲಿ, ಹೊತ್ತು ಏರುವ ಮುಂಚೆ! ಎದ್ದು ಹೋಗಿ ಬಾಗಿಲಲ್ಲಿ ನಿಂತೆ. ಅತ್ತೆ ಮಿಂದು, ಹಣೆಗೆ ವಿಭೂತಿ ಹಚ್ಚಿಕೊಂಡು ಒಲೆಯ ಮುಂದೆ ಕೂತಿದ್ದರು. ತಾಟಿನಲ್ಲಿ ಬಿಸಿ ರೊಟ್ಟಿ, ಮೆಂತ್ಯದ ಪಲ್ಯ, ಮೊಸರು ಹಾಕಿ ನನ್ನ ಮುಂದೆ ಸರಿಸಿದರು.

'ಅತ್ತೀ, ಹರಕಿ?' ಎಂದೆ.

'ಹರಕಿ ಹೊತ್ತಾಕಿ ನಾನು. ನಿನ್ನ ಪಾಲಿಂದೂ ನಾ ಹಿಡಿತೀನಿ. ನೀ ಉಣ್ಣು.'

'ಇಬ್ಬರದು ಒಬ್ಬರ ಹ್ಯಾಂಗ್ರಿ?'

'ದೇವರಿಗೆ ನಾ ಹೇಳ್ಕೊಂಡೇನಿ. ನೀ ನಡುವ ಬರಬ್ಯಾಡ' ಎಂದು ಒಲೆಯ ಕಟ್ಟಿಗೆಯನ್ನು ಮುಂದೆ ದಬ್ಬಿದರು. ಅವರಿಗಾಗಿ ಫಳಾರ ಮಾಡಿದ್ದು ಎಲ್ಲಿಯೂ ಕಾಣಲಿಲ್ಲ. ಕೇಳಿದರೆ, 'ಆ ಹುಡುಗಿ ನಕ್ಕಿದ್ದು ನೋಡೀಯಿಲ್ಲ? ಇಷ್ಟ ದಿನ ನಾವು ಮಾಡಿದ್ದು ಉಪಾಸಾನ ಅಲ್ಲ. ಇನ್ನ ಖರೇ ಖರೇ ಮಾಡತೀನಿ' ಎಂದರು. ಅಂದಿನಿಂದ ಸೋಮವಾರ ಸಂಜೆಯ ತನಕ ಅವರ ಹೊಟ್ಟೆಗೆ ಮಜ್ಜಿಗೆಯ ನೀರೇ. ನಾನು ಜಗಳ ಮಾಡಿದೆ, ನಮ್ಮ ಮನೆಯವರೂ ಗದರಿಸಿದರು, ಅವರು ಕಂಡಿಕೆ ಸುತ್ತುತ್ತ ಕೂತರೇ ಹೊರತು ತಲೆ ಎತ್ತಲಿಲ್ಲ. ಹಸಿದವರ ಎದುರಿಗೆ ಕೂತು ಉಣ್ಣುವುದು ಎಷ್ಟು ಕಷ್ಟವೆಂದು ಆ ಸೋಮವಾರಗಳಲ್ಲಿ ಕಲಿತೆ. ಒಂದು ತುತ್ತೂ ಹೆಚ್ಚು ಉಣ್ಣಲಿಲ್ಲ, ಒಂದು ತುತ್ತೂ ಬಿಡಲಿಲ್ಲ.

ಸಕ್ಕರೆ ಇಳಿಯಿತು. ಏಳನೇ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ, ಮಾಡಿದರು. ಹಸಿರು ಸೀರೆ, ಹಸಿರು ಬಳೆ. ಬೀಗರು, ಓಣಿಯವರು ಬುತ್ತಿ ಕಟ್ಟಿಕೊಂಡು ಬಂದರು. ನಮ್ಮವ್ವ ನರೇಗಲ್ಲಿನಿಂದ ಬುಟ್ಟಿ ತುಂಬಾ ಶೇಂಗಾ ಹೋಳಿಗೆ ತಂದಿದ್ದಳು. ಬಸುರಿಗೆ ತಂದದ್ದನ್ನು ಬೇಡ ಅನ್ನುವ ಹಾಗಿಲ್ಲ. ಅತ್ತೆ ನನ್ನ ಪಕ್ಕದಲ್ಲೇ ಕಾವಲಿಗೆ ಕೂತರು. ಪ್ರತಿಯೊಬ್ಬರ ಬುತ್ತಿಯಿಂದಲೂ ಚಿಟಿಕೆಯಷ್ಟು ಮುರಿದು ನನ್ನ ತುಟಿಗೆ ಮುಟ್ಟಿಸಿ, 'ಉಂಡ್ಲು, ಉಂಡ್ಲು' ಎಂದು ಬುಟ್ಟಿಯನ್ನು ಮುಂದಕ್ಕೆ ಸರಿಸುತ್ತಿದ್ದರು. ನಮ್ಮವ್ವನಿಗೆ ಸಿಟ್ಟು ಬಂತು. 'ನನ್ನ ಮಗಳಿಗೆ ಹೊಟ್ಟಿತುಂಬ ಹಾಕಾಕ ನಿಮಗೇನು ಕಷ್ಟ?' ಎಂದು ಎಲ್ಲರ ಮುಂದೆ ಕೇಳಿಬಿಟ್ಟಳು. ಅತ್ತೆ, 'ಹಡದ ಮ್ಯಾಲ ನೀವ ಬಂದು ಹಾಕ್ರಿ, ಬೀಗತೀ' ಎಂದರು ಅಷ್ಟೇ.

ಎಲ್ಲವೂ ಸುಸೂತ್ರವಾಯಿತೆಂದು ಹೇಳಿದರೆ ಸುಳ್ಳಾದೀತು. ಕಡೆಯ ತಿಂಗಳಲ್ಲಿ ಸಕ್ಕರೆ ಮತ್ತೆ ಏರಿತು, ಸೂಜಿಯೂ ಬಂತು. 'ನೀವು ಏನೂ ತಪ್ಪ ಮಾಡಿಲ್ಲ. ಕೆಲವರಿಗೆ ಎಷ್ಟ ಪಥ್ಯ ಮಾಡಿದ್ರೂ ಬೇಕಾಗತೈತಿ' ಎಂದು ಮೇಡಂ ಹೇಳಿದರೂ ಆ ದಿನ ನಾನು ಬಹಳ ಅತ್ತುಬಿಟ್ಟೆ. ಆಮೇಲೆ ಯಾವಗಲ್ಲಿನ ಹುಡುಗಿಯ ನೆನಪಾಯಿತು. ಖರೇ, ಇರುವೆ ಕಚ್ಚಿದಂತೆ ಅಷ್ಟೇ. ಗದಗಿನ ದೊಡ್ಡ ದವಾಖಾನೆಯಲ್ಲಿ ಹೊಟ್ಟೆ ಕೊಯ್ದೇ ಕೂಸನ್ನು ತೆಗೆಯಬೇಕಾಯಿತು. ಮಲಗಿಸಿ ಒಳಗೆ ಒಯ್ಯುವಾಗ ನನ್ನ ಕಿವಿಯಲ್ಲಿ ಇದ್ದದ್ದು ಒಂದೇ ಮಾತು, 'ಕೂಸಿಗೆ ಜಾಗಾ ಎಲ್ಲೈತಿ.' ಅಳುವ ಸಪ್ಪಳ ಕೇಳಿಸುವ ತನಕ ಆ ಮಾತು ಬಿಡಲಿಲ್ಲ. ಕೇಳಿಸಿತು. ಒಂದೇ ಸಲಕ್ಕೆ, ಗಟ್ಟಿಯಾಗಿ.

ಹೊರಗೆ ನಡೆದದ್ದನ್ನು ನಮ್ಮ ಮನೆಯವರು ಆಮೇಲೆ ಹೇಳಿದರು. ನರ್ಸು ಬಂದು ಹೆಣ್ಣು ಕೂಸು, ಚೆನ್ನಾಗಿದೆ ಎಂದಾಗ ಅತ್ತೆ ಗೋಡೆ ಹಿಡಿದುಕೊಂಡು ಕೂತರಂತೆ. ಆಮೇಲೆ ಅವರು ಕೇಳಿದ ಮೊದಲ ಮಾತು, 'ಆಕಿ ಉಣಬೌದೇನ್ರಿ?' ಇವತ್ತು ಬೇಡ, ನಾಳೆ ಬೆಳಿಗ್ಗೆ ಗಂಜಿ ಕೊಡಿ ಎಂದು ನರ್ಸು ಹೇಳಿದಳು. ಸಂಜೆ ಎಚ್ಚರ ಬಂದಾಗ ಅತ್ತೆ ನನ್ನ ಮಂಚದ ಪಕ್ಕದಲ್ಲಿ ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದರು. ನಮ್ಮ ಮನೆಯವರು ಗೋಗರೆಯುತ್ತಿದ್ದರು. 'ಯವ್ವಾ, ಹರಕಿ ಮುಗೀತು. ಇವತ್ತ ಸೋಮಾರನೂ ಅಲ್ಲ. ಮುಂಜಾನಿಂದ ಏನೂ ತಿಂದಿಲ್ಲ ನೀ, ಉಣ್ಣು.'

'ಆಕಿ ಉಂಡ ಮ್ಯಾಲ' ಎಂದರು ಅತ್ತೆ.

ಬೆಳಿಗ್ಗೆ ರವೆ ಗಂಜಿ ಬಂತು. ಅತ್ತೆ ಚಮಚದಿಂದ ಆರಿಸಿ ಆರಿಸಿ ಕುಡಿಸಿದರು. ಹುಟ್ಟಿದಾಗಿನಿಂದ ನಾನು ತಿನ್ನುವುದನ್ನು ಜನ ನೋಡಿದ್ದಾರೆ. ಹೀಗೆ ಯಾರೂ ನೋಡಿರಲಿಲ್ಲ. ಸ್ವಲ್ಪ ಕುಡಿದು 'ಸಾಕ್ರಿ ಅತ್ತೀ' ಎಂದೆ.

'ಸಾಕ ಅನ್ನೂದು ನೀ ಯಾವಾಗ ಕಲ್ತಿ?' ಎಂದು ಅವರು ನಕ್ಕರು. ನನಗೂ ನಗು ಬಂದು ಹೊಟ್ಟೆಯ ಹೊಲಿಗೆ ಜಗ್ಗಿತು, ನಗುತ್ತಲೇ ಕಣ್ಣಲ್ಲಿ ನೀರು ಬಂತು. ಬಟ್ಟಲು ಬರಿದಾದ ಮೇಲೆ ಅವರು ಮಂಚದ ಕೆಳಗಿನಿಂದ ಅದೇ ಸ್ಟೀಲಿನ ಡಬ್ಬಿ ಎಳೆದುಕೊಂಡರು. ಒಳಗೆ ಊರಿಂದ ಕಟ್ಟಿಕೊಂಡು ಬಂದಿದ್ದ ರೊಟ್ಟಿ, ಒಂದೂ ಮುಟ್ಟಿರಲಿಲ್ಲ, ಒಣಗಿ ಕಟಕಟ ಅನ್ನುತ್ತಿತ್ತು. ನನ್ನ ಮುಖ ನೋಡುತ್ತ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು.